ಕೆರೆ ತುಂಬಿದೆ, ತೂಬು ಎತ್ತಬಲ್ಲವರು ಯಾರು?

2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ನೀರು ಬಂದು ಬಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಅದು. ಹೆಬ್ಬಾಳ–ನಾಗವಾರ ಕಣಿವೆಯ ನೀರು ಇದೇ ದಾರಿಯಲ್ಲಿ ಚಿಕ್ಕಬಳ್ಳಾಪುರದ ಕಡೆ ಹೊರಟಿತು. ಅದರ ಮೇಲೆ 2021ರ ನವೆಂಬರ್ ಮಳೆ ಸುರಿಯಿತು. ವರ್ಷಗಟ್ಟಲೆ ದನ ಮೇಯುತ್ತಿದ್ದ ಕೆರೆ ಅಂಗಳಗಳಲ್ಲಿ ಅಲೆ ಎದ್ದವು, ಕೆರೆ ತುಂಬಿ ಕೋಡಿ ಬಿದ್ದ ಊರುಗಳಲ್ಲಿ ಜನ ಬಾಗಿನ ಬಿಟ್ಟರು.

ಸಂಭ್ರಮ ಮುಗಿದ ಮೇಲೆ ಬೇರೆ ಪ್ರಶ್ನೆಗಳು ಎದ್ದವು. ಕೋಡಿ ನೀರು ಹರಿಯುತ್ತಿದ್ದ ಕಾಲುವೆ ಯಾರ ಹೊಲದೊಳಗೆ ಸೇರಿಹೋಗಿದೆ? ಏರಿಯ ಬುಡದಲ್ಲಿ ಜಿನುಗುತ್ತಿರುವುದು ಅಪಾಯವೋ, ಯಾವಾಗಲೂ ಹಾಗೆಯೋ? ನೀರು ಬಿಡುವ ತೂಬಿನ ಗೂಟ ಎತ್ತಿದರೆ ಮತ್ತೆ ಕೂರಿಸುವುದು ಹೇಗೆ? ಬೆಂಗಳೂರಿನಿಂದ ಬಂದ ನೀರು ಅಂತರ್ಜಲಕ್ಕೆ ಮೀಸಲು. ಅದನ್ನು ಕೆರೆಯಿಂದ ನೇರವಾಗಿ ಪಂಪಿನಲ್ಲಿ ಎತ್ತುವಂತಿಲ್ಲ. ಹಾಗಾಗಿ ಆ ಕೆರೆಗಳಲ್ಲಿ ತೂಬಿನ ಮಾತು ಕಡಿಮೆ. ಏರಿ, ಕೋಡಿ, ಕಾಲುವೆಗಳನ್ನಂತೂ ನೋಡಿಕೊಳ್ಳಲೇಬೇಕು. ಮಳೆಯಿಂದಲೇ ತುಂಬುವ ಉಳಿದ ಕೆರೆಗಳಿಗೆ ಎಲ್ಲವೂ ಬೇಕು.

ಇದೆಲ್ಲ ಒಂದು ಕಾಲದಲ್ಲಿ ಊರಿಗೊಬ್ಬರಿಗೆ ಗೊತ್ತಿತ್ತು. ಈಗ ಏಕೆ ಗೊತ್ತಿಲ್ಲ ಎಂಬುದು ತಿಳಿಯಬೇಕಾದರೆ ಅರಿವು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದನ್ನು ನೋಡಬೇಕು. ಲೋಕದಲ್ಲಿ ಇದಕ್ಕೆ ಹತ್ತಾರು ದಾರಿಗಳಿವೆ. ನಮ್ಮ ದಾರಿ ಅವುಗಳಲ್ಲಿ ಒಂದು.

ಮುದ್ದೆ ಮತ್ತು ಚೀಟಿ

ರಾಗಿ ಮುದ್ದೆಯ ವಿಧಾನವನ್ನು ಚೀಟಿಯಲ್ಲಿ ಬರೆದುಕೊಡಬಹುದು: ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು, ಎಸರು ಕುದಿದ ಮೇಲೆ ಹಿಟ್ಟು, ಸಣ್ಣ ಉರಿ, ಕೋಲಿನಲ್ಲಿ ತಿರುವು. ಚೀಟಿ ಹಿಡಿದು ಮೊದಲ ಸಲ ಮಾಡಿದವರ ಪಾತ್ರೆಯಲ್ಲಿ ಗಂಟುಗಳೇ ಹೆಚ್ಚು. ಹಿಟ್ಟು ಹಳೆಯದಾದರೆ ನೀರು ಎಷ್ಟು ಹೆಚ್ಚಬೇಕು, ಕೋಲಿಗೆ ಎಷ್ಟು ಬಿಗಿ ಸಿಕ್ಕಿದಾಗ ಇಳಿಸಬೇಕು ಎಂಬುದು ತೋಳಿಗೆ ಗೊತ್ತಾಗಬೇಕಾದ್ದು.

ಬರೆದು ಅಥವಾ ಹೇಳಿ ದಾಟಿಸಬಹುದಾದದ್ದು ಒಂದು ಬಗೆಯ ಅರಿವು, ಜೊತೆಯಲ್ಲಿ ನಿಂತು ಮಾಡಿದರೆ ಮಾತ್ರ ದಾಟುವುದು ಇನ್ನೊಂದು ಬಗೆ. ಮೊದಲನೆಯದನ್ನು ನುಡಿಯರಿವು, ಎರಡನೆಯದನ್ನು ಕೈಯರಿವು ಎಂದು ಕರೆಯೋಣ. ಯಾವ ಸಮಾಜದಲ್ಲೂ ಇವೆರಡೂ ಇರುತ್ತವೆ. ವ್ಯತ್ಯಾಸವೆಲ್ಲ ಯಾವುದನ್ನು ಯಾರ ಬಳಿ, ಯಾವ ಕಟ್ಟಲೆಯಲ್ಲಿ ಇಡುತ್ತಾರೆ ಎಂಬುದರಲ್ಲಿದೆ.

ನೀರುಗಂಟಿಗೆ ಏನೇನು ಗೊತ್ತಿತ್ತು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಕೆರೆಯ ಅರಿವು ಅದರ ನೀರು ಹಂಚುವ ನೀರುಗಂಟಿಯ ಬಳಿ ಇತ್ತು. ಅದು ಊರಿನ ಆಯಗಾರಿಕೆಯಲ್ಲಿ, ಅಂದರೆ ಬೆಳೆಯ ಪಾಲಿಗೆ ಊರಿನ ಕೆಲಸ ಮಾಡುವ ಕಟ್ಟಲೆಯಲ್ಲಿ, ಒಂದು ಹುದ್ದೆ. ಹೆಚ್ಚಿನ ಊರುಗಳಲ್ಲಿ ದಲಿತ ಮನೆತನಗಳಿಗೆ ಸೇರಿದ್ದು, ತಂದೆಯಿಂದ ಮಗನಿಗೆ ಬರುತ್ತಿದ್ದದ್ದು. ಕೂಲಿ ಹಣದಲ್ಲಿ ಅಲ್ಲ. ಸುಗ್ಗಿಯಲ್ಲಿ ಕಣದ ಬಳಿ ಇಷ್ಟು ಸಿವುಡು, ಇಷ್ಟು ಕಾಳು ಎಂದು. ಕೆಲವರಿಗೆ ಇನಾಂ ಜಮೀನು. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವನಿಗೆ ಯಾರ ಗದ್ದೆಯ ಮೇಲೂ ಮೋಹವಿಲ್ಲ, ಆದ್ದರಿಂದ ನೀರು ಹಂಚಲು ಅವನೇ ಸರಿ ಎಂಬುದು ಊರಿನ ಲೆಕ್ಕ. ಭೂಮಿ ಇಲ್ಲದವನನ್ನು ಭೂಮಿ ಇಲ್ಲದವನಾಗಿಯೇ ಉಳಿಸಿಕೊಂಡ ಲೆಕ್ಕವೂ ಅದೇ.

ಕೆರೆಯ ಭಾಗಗಳು ಹೀಗೆ. ನೀರನ್ನು ತಡೆಯುವ ಮಣ್ಣಿನ ದಿಬ್ಬ ಏರಿ. ಹೆಚ್ಚಾದ ನೀರು ತಾನಾಗಿ ಹೊರಹೋಗುವ ತಗ್ಗಿನ ಕಲ್ಲುಕಟ್ಟು ಕೋಡಿ. ಬೇಕಾದಾಗ ನೀರು ಬಿಡುವ ಬಾಗಿಲು ತೂಬು. ನೀರುಣ್ಣುವ ಗದ್ದೆಬಯಲು ಅಚ್ಚುಕಟ್ಟು. ಹಳೆಯ ತೂಬು ಎಂದರೆ ನೀರಿನೊಳಗೆ ನಿಂತ ಎರಡು ಕಲ್ಲುಕಂಬ, ಅಡ್ಡಹಾಸಿನಲ್ಲಿ ತೂತು, ಅದರ ಮೂಲಕ ಇಳಿದ ಉದ್ದ ಗಳು, ಗಳುವಿನ ತುದಿಯಲ್ಲಿ ಬುಡದ ಕಿಂಡಿಗೆ ಕೂರುವ ಗೂಟ. ಗಳು ಎತ್ತಿದರೆ ನೀರು ಏರಿಯ ಅಡಿಯ ಕಲ್ಲುಗೊಳವೆಗೆ ನುಗ್ಗಿ ಕಾಲುವೆ ಸೇರುತ್ತದೆ. ಗೂಟಕ್ಕೆ ಕಸ ಸಿಕ್ಕಿದರೆ ನೀರುಗಂಟಿ ಮುಳುಗಿ ತೆಗೆಯುತ್ತಿದ್ದ.

ಅವನ ಕಷ್ಟದ ಕೆಲಸ ಮುಂಗಾರು ಮುಗಿದ ಮೇಲೆ ಶುರು: ಈ ವರ್ಷದ ನೀರು ಎಷ್ಟು ಎಕರೆಗೆ ಬಂದೀತು? ಇವತ್ತಿನ ಲೆಕ್ಕದಲ್ಲಿ ನೋಡಿ. ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 1.03 ಲಕ್ಷ ಲೀಟರ್ ಬೇಕು. ಭತ್ತಕ್ಕೆ ನಾಟಿಯಿಂದ ಕೊಯ್ಲಿನವರೆಗೆ 1,200 ಮಿಲಿಮೀಟರ್, ಅಂದರೆ 47 ಅಂಗುಲದಷ್ಟು ನೀರು ಎಂದುಕೊಂಡರೆ ಎಕರೆಗೆ 48 ಲಕ್ಷ ಲೀಟರ್ ದಾಟುತ್ತದೆ. ಕೆರೆಯಲ್ಲಿ ಹತ್ತು ಲಕ್ಷ ಘನ ಅಡಿ ನೀರಿದ್ದರೆ 2.83 ಕೋಟಿ ಲೀಟರ್. ಆರು ಎಕರೆ ಭತ್ತಕ್ಕೂ ಅದು ಬಿಗಿ. ರಾಗಿಯಾದರೆ ಅದರ ಸುಮಾರು ಮೂರನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ನೀರುಗಂಟಿ ಈ ಗುಣಾಕಾರ ಮಾಡುತ್ತಿರಲಿಲ್ಲ. ತೂಬಿನ ಕಲ್ಲಿನಲ್ಲಿ ನೀರು ಎಲ್ಲಿಗೆ ನಿಂತಿದೆ ಎಂದು ನೋಡಿ, ಹಿಂದೆ ಅಷ್ಟೇ ನಿಂತಿದ್ದ ವರ್ಷ ಎಲ್ಲಿಯವರೆಗೆ ಬೆಳೆ ಬಂದಿತ್ತು ಎಂಬುದನ್ನು ನೆನೆಯುತ್ತಿದ್ದ.

ನೀರು ಸಾಲದ ವರ್ಷಕ್ಕೆ ದಾಮಾಶ ಎಂಬ ಕಟ್ಟಲೆ ಇತ್ತು. ತೂಬಿಗೆ ಹತ್ತಿರದ ಒಂದಿಷ್ಟು ಗದ್ದೆಯಲ್ಲಿ ಮಾತ್ರ ಬೆಳೆ. ಆ ಗದ್ದೆ ಯಾರದ್ದೇ ಆಗಿರಲಿ, ಆ ವರ್ಷದ ಮಟ್ಟಿಗೆ ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಪಾಲು. ಕಾಲುವೆ ಉದ್ದವಾದಷ್ಟೂ ದಾರಿಯಲ್ಲಿ ಇಂಗುವ ನೀರು ಹೆಚ್ಚು. ಇರುವ ನೀರನ್ನು ಹತ್ತಿರದಲ್ಲೇ ಬಳಸಿ ಫಸಲು ಹಂಚಿಕೊಂಡರೆ ಎಲ್ಲರಿಗೂ ಒಂದಿಷ್ಟು ಸಿಗುತ್ತದೆ.

ಏರಿ ಕಾಯುವುದು ಇನ್ನೊಂದು ವಿದ್ಯೆ. ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಗಮನವಿಟ್ಟು ಕಾಯಬಹುದು. ಕದಡಿ ಬಂದರೆ ಒಳಗಿನ ಮಣ್ಣು ಹೊರಬರುತ್ತಿದೆ ಎಂದರ್ಥ, ತಡಮಾಡುವಂತಿಲ್ಲ. ಇಲಿ, ಏಡಿಗಳ ಬಿಲ, ಏರಿ ಮೇಲೆ ಬೆಳೆದು ಸತ್ತ ಜಾಲಿಯ ಕೊಳೆತ ಬೇರು, ಇವೆಲ್ಲ ನೀರಿಗೆ ಸುರಂಗಗಳೇ. ಎಲ್ಲಕ್ಕಿಂತ ದೊಡ್ಡ ತಪ್ಪು ಒಂದಿದೆ: ಇನ್ನೊಂದು ಅಡಿ ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಚೀಲ ಅಡ್ಡ ಇಡುವುದು. ಕೋಡಿ ಏರಿಗಿಂತ ತಗ್ಗಿರುವುದೇ ಏರಿಯ ಜೀವ ಉಳಿಸಲು. ಕೋಡಿ ಮುಚ್ಚಿದರೆ ನೀರು ಏರಿಯ ತಗ್ಗಾದ ಜಾಗವನ್ನು ಹುಡುಕಿ ಮೇಲಿಂದ ದುಮುಕುತ್ತದೆ, ಹೊರಮೈ ಮಣ್ಣು ಕೊರೆಯುತ್ತದೆ, ಕೆಲವೇ ಗಂಟೆಗಳಲ್ಲಿ ಏರಿ ಒಡೆಯುತ್ತದೆ. ಈ ಸೀಮೆಯ ಕೆರೆಗಳು ಸರಪಳಿಯಾಗಿರುವುದರಿಂದ ಮೇಲಿನ ಕೆರೆ ಒಡೆದರೆ ಕೆಳಗಿನದಕ್ಕೂ ಉಳಿಗಾಲವಿಲ್ಲ.

1961ರಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾನೂನು ಬಂತು. ಹುಟ್ಟಿನಿಂದ ಅಂಟಿದ ಊಳಿಗ ಹೋಗಬೇಕಾದ್ದೇ. ಆದರೆ ಹುದ್ದೆಯೊಂದಿಗೆ ಕಣದ ಪಾಲೂ ಹೋಯಿತು, ಅದರ ಜಾಗಕ್ಕೆ ಸಂಬಳ ಬರಲಿಲ್ಲ. ಕೊಳವೆಬಾವಿ ಬಂದ ಮೇಲೆ ದೊಡ್ಡ ರೈತರಿಗೆ ಕೆರೆಯ ಹಂಗೇ ತಪ್ಪಿತು. ಮಗ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದ. ತೂಬಿನ ಅರಿವು ಮುಂದಿನ ಕೈ ಸಿಗದೆ ನಿಂತಿತು.

ಸಮುದ್ರದಾಚೆಯ ನೀರುಗಂಟಿ

ಶ್ರೀಲಂಕಾದ ಒಣ ಸೀಮೆಯಲ್ಲೂ ಕೆರೆಗಳ ಸರಪಳಿಯಿದೆ. ಅಲ್ಲಿ ನೀರು ಹಂಚುವವನು ವೆಲ್ ವಿದಾನೆ. ಬರದ ವರ್ಷ ಕೆರೆಯ ಹತ್ತಿರದ ಗದ್ದೆಯನ್ನಷ್ಟೇ ಬೆಳೆದು ಪಾಲು ಮಾಡಿಕೊಳ್ಳುವ ಕಟ್ಟಲೆಗೆ ಬೆತ್ಮ ಎಂದು ಹೆಸರು. ನಮ್ಮ ದಾಮಾಶವೇ. 1958ರ ಭತ್ತದ ಭೂಮಿ ಕಾಯ್ದೆ ವೆಲ್ ವಿದಾನೆಯ ಹುದ್ದೆಯನ್ನು ತೆಗೆದು ಬೇಸಾಯ ಸಮಿತಿಗಳನ್ನು ತಂದಿತು. ಮೂರು ವರ್ಷದ ಅಂತರದಲ್ಲಿ ಎರಡು ಸರ್ಕಾರಗಳು ಒಂದೇ ಬಗೆಯ ಹುದ್ದೆಗೆ ಕೈ ಹಾಕಿದವು. ಆದರೆ ಬೆತ್ಮ ಒಬ್ಬನ ತಲೆಯಲ್ಲಿದ್ದ ಗುಟ್ಟಲ್ಲ, ಊರವರೆಲ್ಲ ಸಭೆಯಲ್ಲಿ ಕೂತು ಒಪ್ಪಬೇಕಾದ ತೀರ್ಮಾನ. ಹುದ್ದೆ ಹೋದ ಮೇಲೂ ಅದು ಹಲವು ಕಡೆ ಉಳಿದುಕೊಂಡಿತು.

ಬಾಲಿಯಲ್ಲಿ ಅರಿವು ಪಂಚಾಂಗದೊಳಗೆ

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಒಂದೇ ಕಾಲುವೆಯ ನೀರುಣ್ಣುವ ರೈತರ ಕೂಟಕ್ಕೆ ಸುಬಕ್ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಅದು ಸೇರಿತು. ಕಾಲುವೆ ಕವಲೊಡೆಯುವ ಕಡೆ ನೀರಿನ ಗುಡಿಗಳಿವೆ. ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಖಾಲಿ ಬಿಡಬೇಕು ಎಂಬುದು ಗುಡಿಯ ಸಭೆಗಳಲ್ಲಿ, 210 ದಿನದ ಪಂಚಾಂಗಕ್ಕೆ ಹೊಂದಿ ತೀರ್ಮಾನವಾಗುತ್ತದೆ.

ಹೊರಗಿನವರಿಗೆ ಇದು ಬರೀ ಪೂಜೆ ಎಂದು ಕಂಡಿತು. 1970ರ ದಶಕದ ಹಸಿರು ಕ್ರಾಂತಿಯಲ್ಲಿ ರೈತರಿಗೆ ಹೊಸ ತಳಿ ಕೊಟ್ಟು, ಸರದಿ ಕಾಯದೆ ಸಾಧ್ಯವಾದಷ್ಟು ಸಲ ನಾಟಿ ಮಾಡಿ ಎಂದರು. ಆಮೇಲೆ ಇಲಿ ಕಾಟ, ಕಂದು ಜಿಗಿಹುಳುವಿನ ಹಾವಳಿ, ನೀರಿನ ಜಗಳ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಪರಿಸರ ವಿಜ್ಞಾನಿ ಜೇಮ್ಸ್ ಕ್ರೀಮರ್ ಜೊತೆ ಸೇರಿ ಇದನ್ನು ಕಂಪ್ಯೂಟರ್ ಲೆಕ್ಕಕ್ಕೆ ಹಾಕಿ ನೋಡಿದರು. ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ನೀರು ಸಾಲದು. ಒಬ್ಬೊಬ್ಬರು ಒಂದೊಂದು ದಿನ ಮಾಡಿದರೆ ಹುಳುವಿಗೆ ಪಕ್ಕದ ಗದ್ದೆಯಲ್ಲಿ ಸದಾ ಊಟ. ಅಕ್ಕಪಕ್ಕದ ಗದ್ದೆಗಳು ಒಟ್ಟಿಗೆ ಖಾಲಿಯಾಗಿ ಹುಳು ಉಪವಾಸ ಬೀಳಬೇಕು, ಆದರೆ ಇಡೀ ಕಣಿವೆ ಒಂದೇ ಸಲ ನೀರು ಕೇಳಬಾರದು. ಗುಡಿಯ ಸರದಿ ಈ ನಡುದಾರಿಯ ಹತ್ತಿರವೇ ಇತ್ತು.

ಕೋಲಾರದ ಟೊಮೆಟೊ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರ ತೋಟ ಮುಗಿಯುವಷ್ಟರಲ್ಲಿ ಪಕ್ಕದವರ ಸಸಿ ನೆಟ್ಟಾಗಿರುತ್ತದೆ. ಎಲೆ ಮುದುರು ರೋಗ ಹೊತ್ತ ಬಿಳಿ ನೊಣ ಬದು ದಾಟಿ ಅಲ್ಲಿಗೆ ಹೋಗುತ್ತದೆ; ಒಬ್ಬರೇ ಎಷ್ಟು ಔಷಧಿ ಹೊಡೆದರೂ ಅದಕ್ಕೆ ಉಪವಾಸದ ದಿನವಿಲ್ಲ.

ಬಟ್ಟಲು, ನೆರಳು, ನಕ್ಷತ್ರ

ಕೆಲವು ಕಡೆ ಅರಿವನ್ನು ಮನುಷ್ಯರಿಂದ ತೆಗೆದು ಉಪಕರಣಕ್ಕೆ ಒಪ್ಪಿಸಿದ್ದಾರೆ. ಇರಾನಿನಲ್ಲಿ ನೆಲದಡಿಯ ಸುರಂಗ ಕಾಲುವೆಗೆ ಕನಾತ್ ಎನ್ನುತ್ತಾರೆ. ಅದರ ನೀರನ್ನು ಹಂಚಲು ಬುಡದಲ್ಲಿ ಸಣ್ಣ ತೂತಿನ ತಾಮ್ರದ ಬಟ್ಟಲನ್ನು ನೀರ ಮೇಲೆ ತೇಲಿಬಿಡುತ್ತಿದ್ದರು. ಬಟ್ಟಲು ತುಂಬಿ ಮುಳುಗಿದರೆ ಒಂದು ಪಾಲು ಮುಗಿಯಿತು. ನಮ್ಮ ಗಳಿಗೆ ಬಟ್ಟಲೂ ಹೀಗೆಯೇ: ಒಂದು ಮುಳುಗಿಗೆ 24 ನಿಮಿಷ, ದಿನಕ್ಕೆ 60 ಗಳಿಗೆ. ನಮ್ಮಲ್ಲಿ ಅದು ಮುಹೂರ್ತಕ್ಕೆ ಹೆಸರಾಯಿತು, ಅಲ್ಲಿ ಗದ್ದೆಗೆ. ಓಮಾನಿನ ಫಲಜ್ ಕಾಲುವೆಗಳಲ್ಲಿ ಹಗಲು ಕೋಲಿನ ನೆರಳು, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಿಸುತ್ತಿದ್ದರು. ಇಂಥ ಅಳತೆಯ ಲಾಭ ಸರಳ: ಬಟ್ಟಲು ಮುಳುಗಿದ್ದನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ, ಹಂಚುವವನನ್ನು ಅನುಮಾನಿಸುವ ಕಾರಣ ಕಡಿಮೆ. ಮಿತಿಯೂ ಇದೆ. ಬಟ್ಟಲು ಅಳೆಯುವುದು ಹೊತ್ತನ್ನು, ನೀರನ್ನಲ್ಲ. ಹರಿವು ಸಣ್ಣದಾದರೆ ಅದೇ ಗಳಿಗೆಗೆ ಸಿಗುವ ನೀರು ಕಡಿಮೆ.

ಗುರುವಾರದ ನ್ಯಾಯ

ಸ್ಪೇನಿನ ವೆಲೆನ್ಸಿಯಾ ನಗರದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ದೊಡ್ಡ ಚರ್ಚಿನ ಬಾಗಿಲ ಬಳಿ ನೀರಿನ ನ್ಯಾಯಮಂಡಳಿ ಕೂರುತ್ತದೆ. ಎಂಟು ಕಾಲುವೆಗಳಿಂದ ಆಯ್ಕೆಯಾದ ರೈತರೇ ನ್ಯಾಯಾಧೀಶರು, ಕಪ್ಪು ನಿಲುವಂಗಿ ತೊಟ್ಟಿರುತ್ತಾರೆ. ವಕೀಲರಿಲ್ಲ. ದೂರು, ಉತ್ತರ, ತೀರ್ಪು ಎಲ್ಲವೂ ಬಾಯಿಮಾತಿನಲ್ಲಿ, ಊರಿನ ಭಾಷೆಯಲ್ಲಿ, ಬೀದಿ ಜನರ ಎದುರು. ತೀರ್ಪೇ ಅಂತಿಮ. ಯುನೆಸ್ಕೊ ಇದನ್ನು 2009ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆ ಒಡೆದರೆ, ಸರದಿ ತಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ನಿಂತ ಹುಡುಗನೂ ಕೇಳಿ ಕಲಿಯುತ್ತಾನೆ. ಜಗಳವೇ ಪಾಠಶಾಲೆ ಎನ್ನಿ. ನಮ್ಮ ಅರಳಿಕಟ್ಟೆಯ ಪಂಚಾಯ್ತಿಯೂ ಒಂದು ಮಟ್ಟಿಗೆ ಹಾಗೇ ಇತ್ತು. ಆದರೆ ಅಲ್ಲಿ ಕಟ್ಟೆಯ ಮೇಲೆ ಕೂರುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂಬುದು ಹುಟ್ಟಿನಿಂದಲೇ ಗೊತ್ತಾಗಿರುತ್ತಿತ್ತು.

ಕಲ್ಲು, ಹಾಡು, ಮರದ ಗುಡಿ

ಬರೆದಿಟ್ಟರೆ ಸಾಲದೇ? ಈ ಸೀಮೆಯವರು ಬರೆದಿಟ್ಟಿದ್ದಾರೆ, ಅದೂ ಕಲ್ಲಿನ ಮೇಲೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ 10ನೇ ಸಂಪುಟ ಕೋಲಾರ ಜಿಲ್ಲೆಯದು, 12ನೆಯದು ತುಮಕೂರಿನದು. ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಕೊಡಗೆ, ಕೆರೆ ನೋಡಿಕೊಳ್ಳಲು ಬಿಟ್ಟ ಬಿತ್ತುವಟ್ಟದಂಥ ದಾನಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಯಾರು ಕೊಟ್ಟರು, ಗಡಿ ಯಾವುದು, ಅಳಿಪಿದವನಿಗೆ ಯಾವ ಪಾಪ ಎಂದೆಲ್ಲ ಇರುತ್ತದೆ. ಗೂಟ ಕೂರಿಸುವುದು ಹೇಗೆ ಎಂದು ಇರುವುದಿಲ್ಲ. ಕಲ್ಲು ಹಕ್ಕನ್ನು ಕಾಯ್ದಿತು, ಕೈಯರಿವನ್ನು ಕೈಗೇ ಬಿಟ್ಟಿತು.

ಚಿಕ್ಕದಾದ, ಒಂದೇ ಎಚ್ಚರಿಕೆಯ ಮಾತಾದರೆ ಕಲ್ಲು ಚೆನ್ನಾಗಿ ಕೆಲಸ ಮಾಡುತ್ತದೆ. ಜಪಾನಿನ ಅನೆಯೋಶಿ ಎಂಬ ಊರಿನಲ್ಲಿ 'ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ' ಎಂಬ ಕಲ್ಲಿದೆ. ಊರವರು ಅದನ್ನು ಪಾಲಿಸಿದ್ದರು. 2011ರ ಸುನಾಮಿ ಕಲ್ಲಿನ ಕೆಳಗೇ ನಿಂತಿತು. ಇಂಡೋನೇಷ್ಯಾದ ಸಿಮೆಯುಲುವೆ ದ್ವೀಪದವರು ಅದೇ ಎಚ್ಚರಿಕೆಯನ್ನು ಹಾಡಿನಲ್ಲಿಟ್ಟರು. 1907ರಲ್ಲಿ ಅಲ್ಲಿ ಸುನಾಮಿ ಬಂದಿತ್ತು. ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ ಎಂಬುದನ್ನು 'ಸ್ಮೊಂಗ್' ಎಂಬ ಒಂದೇ ಪದಕ್ಕೆ ಕಟ್ಟಿ ಮಕ್ಕಳಿಗೆ ಹಾಡಿ ಮಲಗಿಸುತ್ತಿದ್ದರು. 2004ರ ಡಿಸೆಂಬರ್ 26ರಂದು ಕೇಂದ್ರಬಿಂದುವಿಗೆ ಅಷ್ಟು ಹತ್ತಿರವಿದ್ದೂ, ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ನೂರು ವರ್ಷ ಬಾಳಿದ್ದು ಲಾಲಿ.

ಕೈಯರಿವಿಗೆ ಹಾಡೂ ಸಾಲದು. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. ಹಿಂದಿನದು 2013ರಲ್ಲಿ ಮುಗಿಯಿತು, ಮುಂದಿನದು 2033ಕ್ಕೆ. ಇಪ್ಪತ್ತರಲ್ಲಿ ಕೈಯಾಳಾಗಿ ಮರ ಹೊತ್ತವನು ನಲವತ್ತರಲ್ಲಿ ಬಡಗಿ, ಅರವತ್ತರಲ್ಲಿ ಹೇಳಿಕೊಡುವವನು. ಕಟ್ಟಡ ಹಳೆಯದಾಗುವುದಿಲ್ಲ, ಕಟ್ಟುವ ವಿದ್ಯೆ ಹಳೆಯದಾಗಿ ಉಳಿಯುತ್ತದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಊರವರು ಸೇರಿ ಹೂಳೆತ್ತಿ, ಗೋಡನ್ನು ಹೊಲಕ್ಕೆ ಹೊಡೆದು, ಕಾಲುವೆ ಸವರುತ್ತಿದ್ದದ್ದೂ ಇಂಥ ತಾಲೀಮೇ ಆಗಿತ್ತು. ಹೂಳೆತ್ತುವ ಕೆಲಸ ಜೆಸಿಬಿಯ ಪಾಲಾದಾಗ ಹೂಳು ಬೇಗ ಹೋಯಿತು, ಜೊತೆಗೆ ಆ ತಾಲೀಮೂ ಹೋಯಿತು.

ಎಲ್ಲರಿಗೂ ಹೇಳಬಹುದೇ?

ಕೆಲವು ಅರಿವು ಮನೆತನದ ಗುಟ್ಟು. ಪೆಸಿಫಿಕ್ ಸಾಗರದ ಸತವಾಲ್ ದ್ವೀಪದ ನಾವಿಕ ಮೌ ಪಿಯೈಲುಗ್ ದಿಕ್ಸೂಚಿಯಿಲ್ಲದೆ ನಕ್ಷತ್ರ, ಅಲೆಯ ಬಡಿತ, ಹಕ್ಕಿಗಳನ್ನು ನೋಡಿ ದೋಣಿ ನಡೆಸುತ್ತಿದ್ದರು. ಹವಾಯಿಯಲ್ಲಿ ಆ ವಿದ್ಯೆ ಅಳಿದುಹೋಗಿತ್ತು. 1976ರಲ್ಲಿ ಅವರು ಹೊಕುಲೆಯ ಎಂಬ ದೋಣಿಯನ್ನು ಹವಾಯಿಯಿಂದ ತಹಿತಿಗೆ ಮುಟ್ಟಿಸಿದರು, ಮುಂದೆ ಹವಾಯಿಯವರಿಗೆ ಕಲಿಸಿದರು. ಮನೆತನದ ಹೊರಗೆ ಕಲಿಸಿದ್ದಕ್ಕೆ ಟೀಕೆಯನ್ನೂ ಕೇಳಿದರು. ಕಲಿಸದಿದ್ದರೆ ವಿದ್ಯೆ ತಮ್ಮೊಂದಿಗೇ ಮುಳುಗುತ್ತದೆ ಎಂಬುದು ಅವರ ಲೆಕ್ಕ.

ತೆರೆದಿಟ್ಟರೆ ಬೇರೆ ಅಪಾಯ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಎಲ್ಲ ಅಡುಗೆಮನೆಗಳ ವಿದ್ಯೆ. ಅದಕ್ಕೇ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. ಭಾರತದ ವಿಜ್ಞಾನ ಸಂಶೋಧನಾ ಮಂಡಳಿ ಸಿ.ಎಸ್.ಐ.ಆರ್. ಹಳೆಯ ಬರಹಗಳ ದಾಖಲೆ ತೋರಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬಾಯಿಮಾತು ಎಷ್ಟೇ ನಿಜವಾದರೂ ಪೇಟೆಂಟ್ ಕಚೇರಿಗೆ ಕಾಗದವೇ ಬೇಕು. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಇರಬೇಕು. ಊರಿನ ಗಿಡಮೂಲಿಕೆ, ತಳಿ, ಕೆರೆಯ ಮೀನು, ಅದರ ಬಳಕೆಯ ವಿವರಗಳನ್ನು ಅಲ್ಲಿ ಬರೆಸಬಹುದು.

ಉಳಿದವರನ್ನು ಕೇಳುವ ಕ್ರಮ

ತೂಬು ಎತ್ತಿ ಗೊತ್ತಿರುವ ಹಿರಿಯರು ಇನ್ನೂ ಕೆಲವು ಊರುಗಳಲ್ಲಿದ್ದಾರೆ. ಅವರನ್ನು ಪಂಚಾಯಿತಿ ಕಚೇರಿಗೆ ಕರೆಸಿ, ಕುರ್ಚಿಯಲ್ಲಿ ಕೂರಿಸಿ, ನಮೂನೆ ಹಿಡಿದು ಕೇಳಿದರೆ ಸಿಗುವ ಉತ್ತರ 'ಹೂಂ ಸ್ವಾಮಿ, ನೀವು ಹೇಳ್ದಂಗೇ'. ಅದು ಅರಿವಲ್ಲ, ಮರ್ಯಾದೆ. ಎಷ್ಟೋ ಸಮೀಕ್ಷೆಗಳು ಕೆಡುವುದು ಇಲ್ಲೇ.

ಕೆರೆಯ ಮೇಲೇ ಕೇಳಬೇಕು. ಏರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಿರಿ; ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಏನೋ ಇದೆ. 'ನೀರು ಹೇಗೆ ಹಂಚುತ್ತಿದ್ದಿರಿ' ಎಂಬ ಪ್ರಶ್ನೆಗೆ ಎರಡೇ ವಾಕ್ಯದ ಉತ್ತರ ಬರುತ್ತದೆ. 'ತಾತಾ, ಕೊನೇ ಸಲ ಕೋಡಿ ಬಿದ್ದಾಗ ಮೊದಲು ಎಲ್ಲಿ ನೀರು ಜಿನುಗಿತು' ಎಂದು ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ. 'ಎಷ್ಟು' ಎಂದು ಕೇಳುವುದಕ್ಕಿಂತ 'ಎಲ್ಲಿಯವರೆಗೆ' ಎಂದು ಕೇಳಿ, ಕೈ ತೋರಿಸಿದ ಜಾಗದ ಫೋಟೊವನ್ನು ಮೊಬೈಲಿನಲ್ಲಿ ಸ್ಥಳದ ಗುರುತಿನೊಂದಿಗೆ ತೆಗೆಯಿರಿ. ಮಾತನ್ನು ಅವರ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಅವರು ಬಳಸಿದ ಪದವನ್ನು ತಿದ್ದಬೇಡಿ: ಗಡಿಯ ಊರುಗಳಲ್ಲಿ ತೂಬು ತೆಲುಗಿನ ಬಾಯಲ್ಲಿ ತೂಮು ಆಗಿರುತ್ತದೆ, ಮುಂದಿನ ಊರಿನವರನ್ನು ಕೇಳುವಾಗ ಆ ಪದವೇ ಬೇಕಾಗುತ್ತದೆ. ಮನೆಯ ಹೆಂಗಸರನ್ನೂ ಬೇರೆಯಾಗಿ ಕೇಳಿ. ಬೇಸಿಗೆಯಲ್ಲಿ ಯಾವ ಬಾವಿಯ ನೀರು ಮೊದಲು ತಳ ಕಂಡಿತು ಎಂಬುದು ಕೊಡ ಹೊತ್ತವರಿಗೆ ಗೊತ್ತು.

ಇಷ್ಟರಿಂದ ನುಡಿಯರಿವು ಸಿಕ್ಕಿತು. ಕೈಯರಿವಿಗೆ ಇಬ್ಬರು ಎಳೆಯರು ಒಂದು ಪೂರ್ತಿ ವರ್ಷ ಜೊತೆಗಿರಬೇಕು. ಬೇಸಿಗೆಯಲ್ಲಿ ಕೆರೆ ತಳ ಕಂಡಾಗ ಗೂಟ, ಕಿಂಡಿ, ಕಲ್ಲುಗೊಳವೆಗಳನ್ನು ಮುಟ್ಟಿ ನೋಡುವುದು, ಮುಂಗಾರಿಗೆ ಮುಂಚೆ ಕಾಲುವೆ ನಡೆಯುವುದು, ಮಳೆಗಾಲದ ರಾತ್ರಿ ಏರಿ ಸುತ್ತುವುದು, ಬೆಳೆ ನಿಂತಾಗ ನೀರು ತಿರುಗಿಸುವುದು. ಒಬ್ಬರು ಸಾಲದು, ಅವರು ಊರು ಬಿಟ್ಟರೆ ಮತ್ತೆ ಅದೇ ಕಥೆ. ಕೂಲಿಯ ಮಾತನ್ನು ಮೊದಲೇ ಆಡಿಕೊಳ್ಳಬೇಕು. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತ್ ವ್ಯವಸ್ಥೆಯದು; ಅರ್ಜಿ ಹಿಡಿದು ಹೊರಡುವ ಮುನ್ನ ನಿಮ್ಮ ಊರಿನ ಕೆರೆ ಯಾರ ಲೆಕ್ಕದಲ್ಲಿದೆ ಎಂದು ಕೇಳಿಕೊಳ್ಳಿ.